ಸಿಸ್ಟರಮ್ಮನಿಗೆ ತಂದ ಸೇವಂತಿಗೆ

ಪಾಂ ಪಾಂ ಎಂದು ಅಂಬಾಸಿಡರ್ ಕಾರಿನ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು. ಅದು ತೊಂಬತ್ತರ ದಶಕ. ಟಿ. ನರಸೀಪುರದ ನಮ್ಮ ಬೀದಿಯ ಡಿಸ್ಪೆನ್ಸರಿಯಲ್ಲಿ ವರ್ಷಗಟ್ಟಲೆ ದುಡಿದ ಫ್ರೆಂಚ್ ನನ್, ಸಿಸ್ಟರ್ ಆಗ್ನೆಸ್, ಹಾರ್ಟ್ ವೀಕಾಗಿ ತಮ್ಮ ದೇಶಕ್ಕೆ ಹೊರಟಿದ್ದರು. ಅಷ್ಟರಲ್ಲಿ ಮೂಗೂರಿನ ಪುಟ್ಟಮ್ಮ ಓಡೋಡಿ ಬಂದಳು. ಅವಳ ಮಕ್ಕಳೆಲ್ಲ ಹುಟ್ಟಿದ್ದು ಈ ಸಿಸ್ಟರ್ ಕೈಯಲ್ಲೇ. ತನ್ನ ಹೊಲದ ಹಳದಿ ಸೇವಂತಿಗೆ ಹಾರವನ್ನು ಅವರ ಕೊರಳಿಗೆ ಹಾಕಹೋದಳು. ಸಿಸ್ಟರ್ ಗಕ್ಕನೆ ಹಿಂದೆ ಸರಿದರು.

ಪುಟ್ಟಮ್ಮನ ಮುಖ ಸಣ್ಣಗಾಯಿತು. "ಯಾಕ್ ಸಿಸ್ಟರಮ್ಮ, ನಮ್ ಒಲದ್ ಊವು ನಿಮ್ಗಾಗಕಿಲ್ವಾ?"

ಕಾನ್ವೆಂಟಿನಲ್ಲಿ ಓದಿದ ನನಗೆ ಕಾರಣ ಗೊತ್ತಿತ್ತು. ಫ್ರಾನ್ಸಿನಲ್ಲಿ ಸೇವಂತಿಗೆ ಸತ್ತವರ ಹೂವು. ನವೆಂಬರಿನ ಆಲ್ ಸೇಂಟ್ಸ್ ಡೇಗೆ ಮನೆಮಂದಿಯೆಲ್ಲ ಸಮಾಧಿಗೆ ಹೋಗಿ ಇಟ್ಟು ಬರುತ್ತಾರೆ, ಬದುಕಿರುವವರಿಗೆ ಯಾರೂ ಕೊಡುವುದಿಲ್ಲ. ಅದನ್ನೇ ಮೆಲ್ಲಗೆ ಹೇಳಿದೆ. ಪಾಪ, ಪುಟ್ಟಮ್ಮ ಗಾಬರಿಯಾಗಿ ಹಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ತೆಪ್ಪಾಯ್ತು ಕಣ್ರವ್ವ, ನಂಗೇನ್ ಗೊತ್ತು?"

ಸಿಸ್ಟರ್ ತಾವೇ ಹತ್ತಿರ ಬಂದು ತಲೆ ಬಾಗಿಸಿದರು. "ನಾನು ಸತ್ತಾಗ ನೀನೆಲ್ಲಿ ಅಷ್ಟು ದೂರ ಬತ್ತೀಯ ಪುಟ್ಟಮ್ಮ? ಈಗ್ಲೇ ಹಾಕ್ಬುಡು."

"ಬುಡ್ತು ಅನ್ನಿ, ಬುಡ್ತು ಅನ್ನಿ!" ಎಂದು ಗದರಿಸುತ್ತಾ, ಅಳುತ್ತಾ, ಪುಟ್ಟಮ್ಮ ಹಾರ ಹಾಕಿದಳು.

ಕಾರು ತಿರುವಿನವರೆಗೂ ನನಗೆ ಕಾಣುತ್ತಿತ್ತು. ಸಿಸ್ಟರ್ ಒಂದು ಕೈ ಬೀಸುತ್ತಾ, ಇನ್ನೊಂದು ಕೈಯಲ್ಲಿ ಎದೆಯ ಮೇಲಿನ ಹಾರವನ್ನು ಹಿಡಿದುಕೊಂಡಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.