ರಾಣಿಯ ಕೂಸಿಗೆ ಕಟ್ಟಿದ ತೊಟ್ಟಿಲು

ನನ್ನ ನೆಗೆಣ್ಣಿಗೆ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿಗೆ, ಇಂಗ್ಲಿಷ್ ಬರುವುದಿಲ್ಲ. ನನಗೆ ಬರುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಬೆತ್ತ ಹಿಡಿದು ಕಲಿಸಿದ ಇಂಗ್ಲಿಷ್ ಅದು. ಮದುವೆಯಾಗಿ ಬ್ಯಾಡಗಿಯ ಈ ಮೆಣಸಿನಕಾಯಿ ವ್ಯಾಪಾರದ ಮನೆಗೆ ಬಂದ ಮೇಲೆ ಅದನ್ನು ಆಡಲು ಯಾರೂ ಸಿಗಲಿಲ್ಲ, ಪುಸ್ತಕಗಳೊಳಗೇ ಉಳಿದುಕೊಂಡಿತು. ಈಗ ನಾವಿಬ್ಬರೂ ಗಂಡಂದಿರನ್ನು ಕಳೆದುಕೊಂಡ ಮುದುಕಿಯರು. ಮನೆ ತುಂಬ ಜನರಿದ್ದಾರೆ, ಆದರೆ ಮಧ್ಯಾಹ್ನದ ಹೊತ್ತು ಮಾತ್ರ ನಮ್ಮದು.

ನಾನು ಅಕ್ಕ ಎಂದೇ ಕರೆಯುವ ಈ ನೆಗೆಣ್ಣಿಯ ಹಾರ್ಟ್ ವೀಕ್ ಆಗಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಅವಳ ಮಂಚವನ್ನು ಪಡಸಾಲೆಗೆ ತಂದರು. ಅದೇ ಸುಮಾರಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವ ಅವಳ ಮೊಮ್ಮಗಳು ನನಗೊಂದು ಬಾಕ್ಸ್ ಸೆಟ್ ತಂದುಕೊಟ್ಟಳು. ಸಮುದ್ರದಂಚಿನ ಯಾವುದೋ ಚಳಿ ದೇಶದ ಒಂದು ರಾಜಮನೆತನದ ಕತೆ, ಆರು ದಪ್ಪ ವಾಲ್ಯೂಮ್. ಹಿಸ್ಟಾರಿಕಲ್ ಫಿಕ್ಷನ್ ಎಂದರೆ ನನಗೆ ಹುಡುಗಿಯಾಗಿದ್ದಾಗಿನಿಂದ ಹುಚ್ಚು. ಆದರೆ ಇಷ್ಟು ಸಿಕ್ಕುಸಿಕ್ಕಾದದ್ದನ್ನು ನಾನೂ ಕಂಡಿರಲಿಲ್ಲ. ಮೊದಲ ಪುಟದಲ್ಲೇ ಒಂದು ಫ್ಯಾಮಿಲಿ ಟ್ರೀ. ಅಜ್ಜನಿಗೂ ಚಿಕ್ಕಪ್ಪನಿಗೂ ಮೊಮ್ಮಗನಿಗೂ ಒಂದೇ ಹೆಸರು. ಭೂತಗನ್ನಡಿ ಹಿಡಿದು ಆ ಗಿಡದ ಟೊಂಗೆ ಟೊಂಗೆಯನ್ನೂ ಬೆರಳಿನಿಂದ ಹತ್ತಿ ಇಳಿಯುತ್ತಿದ್ದ ನನ್ನನ್ನು ಅಕ್ಕ ಮಂಚದಿಂದಲೇ ನೋಡುತ್ತಿದ್ದಳು.

"ಏನ್ ಅಷ್ಟ್ ಹುಡುಕಾಕತ್ತೀದಿ? ಮನಸಿನಾಗ ಓದಬ್ಯಾಡ. ನನಗೂ ಕೇಳೂ ಹಾಂಗ ಓದು," ಎಂದಳು ಒಂದು ದಿನ.

ಹೀಗೆ ಶುರುವಾಯಿತು. ನಾನು ಒಂದು ಪ್ಯಾರಾ ಇಂಗ್ಲಿಷ್‌ನಲ್ಲಿ ಕಣ್ಣಾಡಿಸಿ ನಮ್ಮ ಮಾತಿನಲ್ಲಿ ಹೇಳುವುದು, ಅವಳು ಹೂಂಗುಟ್ಟುವುದು. ಹೆಸರುಗಳ ತೊಡಕನ್ನು ಅವಳೇ ಬಿಡಿಸಿದಳು. ಅಜ್ಜ 'ಹಳೇ ಧಣಿ' ಆದ, ಉಪ್ಪಿನ ಮೇಲೆ ಸುಂಕ ಹಾಕಿದ ಚಿಕ್ಕಪ್ಪ 'ಉಪ್ಪಿನ ಧಣಿ'. ಡ್ಯೂಕ್ ಎಂದರೆ ಏನು ಎಂದಾಗ ನಾನು "ನಮ್ಮ ದೇಸಾಯರು ಇದ್ದಾಂಗ" ಎಂದೆ. ಅಲ್ಲಿಂದ ಮುಂದೆ ಆ ಪುಸ್ತಕದ ತುಂಬ ದೇಸಾಯರೇ ಓಡಾಡಿದರು.

ಮೆಣಸಿನಕಾಯಿ ಸುಗ್ಗಿ ಬಂತು. ಓಣಿಯ ಹೆಂಗಸರು ತೊಟ್ಟು ಮುರಿಯುವ ಕೆಲಸ ಹಿಡಿದುಕೊಂಡು ನಮ್ಮ ಪಡಸಾಲೆಗೇ ಬರತೊಡಗಿದರು. ಬಾಯಿ ಮೂಗಿಗೆ ಸೆರಗು ಕಟ್ಟಿಕೊಂಡು, ಕೆಂಪು ರಾಶಿಯ ಸುತ್ತ ಕುಳಿತು, ಕೈ ತಾನಾಗಿ ಓಡುತ್ತಿದ್ದರೆ ಕಿವಿ ನನ್ನ ಕಡೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಕೇಳಿ ಬೆಳೆದವರು ಅವರು. ಒಬ್ಬರು ಓದಿ ಒಬ್ಬರು ಅರ್ಥ ಹೇಳುವುದನ್ನು ಬಲ್ಲವರು. ಇಲ್ಲಿ ಎರಡೂ ನಾನೇ ಮಾಡುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದಲೇ ಒಂದು ತಪ್ಪು ನಡೆಯಿತು. ತಪ್ಪು ಎನ್ನಲು ಈಗಲೂ ಮನಸ್ಸು ಬರುವುದಿಲ್ಲ. ಎರಡನೇ ವಾಲ್ಯೂಮ್ ಮುಗಿಯುವಾಗ, ಬಹಳ ವರ್ಷ ಮಕ್ಕಳಿಲ್ಲದ ರಾಣಿಗೆ ಗಂಡು ಹುಟ್ಟಿತು. ಪುರಾಣದಲ್ಲಿ ಶರಣರ ಜನನದ ಅಧ್ಯಾಯ ಬಂದ ದಿನ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಎಲ್ಲರಿಗೂ ಕೊಬ್ಬರಿ ಸಕ್ಕರೆ ಹಂಚುವ ಪದ್ಧತಿ ನಮ್ಮಲ್ಲಿದೆ. ಮರುದಿನ ಮಧ್ಯಾಹ್ನ ನಾನು ಕನ್ನಡಕ ಒರೆಸಿಕೊಳ್ಳುತ್ತಾ ಬಂದರೆ ಪಡಸಾಲೆಯ ತೊಲೆಗೆ ಅಕ್ಕನ ಇಳಕಲ್ ಸೀರೆಯ ತೊಟ್ಟಿಲು ತೂಗುತ್ತಿತ್ತು! ಒಳಗೆ ಕುಲಾವಿ ಹಾಕಿದ ಗುಂಡುಕಲ್ಲು.

"ಇದೇನ್ರೇ ಇದು?" ಎಂದೆ.

"ಕೂಸು ಹುಟ್ಟೇತಲ್ರೀ ಅಮ್ಮಾರ," ಎಂದಳು ಎದುರು ಮನೆಯ ಸೊಸೆ. ಅವಳ ಬಾಯಿ ಮೆಣಸಿನಕಾಯಿಗಿಂತ ಚುರುಕು. "ಬರೇ ಓದಿ ಬಿಟ್ರ ಹೆಂಗ? ಹೆಸರಿಡಾಕ ಸೋದರತ್ತಿ ಬೇಕು. ರಾಣೀ ನಾದಿನಿ ನೋಡಿದ್ರ ಜೈಲಿನಾಗ ಅದಾಳ. ಆಕಿ ಬರೂ ತನಕಾ ಕಾಯಬೇಕೇನ್ ಮತ್ತ?"

"ನಾನ ಅತ್ತಿ ಆಕ್ಕೇನಿ, ಏಳಸ್ರಿ ನನ್ನ," ಎಂದಳು ಅಕ್ಕ.

ಇಬ್ಬರು ಹಿಡಿದು ನಿಲ್ಲಿಸಿದರು. ಅವಳು ತೊಟ್ಟಿಲ ಮೇಲೆ ಬಾಗಿ, ಆ ಕಲ್ಲಿನ ಕಿವಿ ಇರಬೇಕಾದಲ್ಲಿ ಬಾಯಿಟ್ಟು ಏನೋ ಉಸುರಿದಳು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ, ಆದರೆ ಹೆಂಗಸರು ಅವಳಿಗೆ ಮೆಲ್ಲಗೆ ಕೈ ತಾಗಿಸಿದರು, ಹಾರ್ಟ್ ಪೇಷಂಟ್ ಎಂದು. ನನ್ನೊಳಗಿನ ಕಾನ್ವೆಂಟ್ ಹುಡುಗಿ ನಗಲು ಬಾಯಿ ತೆರೆದಿದ್ದವಳು ಹಾಗೇ ಮುಚ್ಚಿಕೊಂಡಳು. ಅಕ್ಕನ ಮುಖದ ಮೇಲೆ ಅಂಥ ಬೆಳಕನ್ನು ನಾನು ಈ ಮನೆಯಲ್ಲಿ ಬಾಳಿದ ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

ಅಂದಿನಿಂದ ಅವಳ ಮೊದಲ ಪ್ರಶ್ನೆ ಆ ಕೂಸಿನದೇ. ಯುದ್ಧಗಳು, ಕರಾರುಗಳು, ಉಪ್ಪಿನ ಧಣಿಯ ಪಿತೂರಿ, ಎಲ್ಲ ಆಮೇಲೆ. "ಹಲ್ಲು ಬಂದ್ವೇನ? ಕುದುರೀ ಮ್ಯಾಲೆ ಇಷ್ಟ ಲಗೂ ಯಾಕ ಕುಂದರಸ್ಯಾರ?" ಪುಸ್ತಕದಲ್ಲಿ ಹಲ್ಲಿನ ಮಾತಿಲ್ಲದಿದ್ದರೂ ನಾನು "ಬಂದ್ವು" ಎನ್ನುತ್ತಿದ್ದೆ.

ನನಗೆ ಬೆಳಿಗ್ಗೆ ಹೊತ್ತು ಮುಂದಿನ ಚಾಪ್ಟರ್ ಓದಿಟ್ಟುಕೊಳ್ಳುವ ರೂಢಿ. ಟೀಚರ್‌ಗಳು ಪ್ರಿಪೇರ್ ಆಗುತ್ತಾರಲ್ಲ, ಹಾಗೆ. ನಾಲ್ಕನೇ ವಾಲ್ಯೂಮಿನ ನಡುವೆ ಒಂದು ಬೆಳಿಗ್ಗೆ ಕಾಫಿ ಆರಿ ತಣ್ಣಗಾಯಿತು. ತಾಯಿಯಿಂದ ದೂರದ ಕೋಟೆಯೊಂದರಲ್ಲಿ ಆ ಹುಡುಗ ಜ್ವರ ಬಂದು ಸಾಯುತ್ತಾನೆ. ಲೇಖಕ ಅದಕ್ಕೆ ಅರ್ಧ ಪುಟವನ್ನಷ್ಟೇ ಕೊಟ್ಟಿದ್ದ.

ಆ ಮಧ್ಯಾಹ್ನ ಕಣ್ಣು ನೋಯುತ್ತಿದೆ ಎಂದೆ. ಮರುದಿನ ಐ ಡ್ರಾಪ್ಸ್ ಹಾಕಿಕೊಂಡಿದ್ದೇನೆ ಎಂದೆ. ಅಕ್ಕನ ಮಗನಿಗೆ ಮಾತ್ರ ನಿಜ ಹೇಳಿದೆ. ಅಕ್ಕನ ಚೊಚ್ಚಲ ಕೂಸು, ಅವನಿಗಿಂತ ಮುಂಚಿನದು, ಉಳಿಯಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಸೊಸೆಯಾಗಿ ಬರುವುದಕ್ಕೂ ಮೊದಲಿನ ಸಂಗತಿ ಅದು. ಮನೆಯಲ್ಲಿ ಯಾರೂ ಅದನ್ನು ಆಡುತ್ತಿರಲಿಲ್ಲ.

"ಚಿಗವ್ವಾ, ಖರೇ ಹೇಳತೇನಿ, ಅದನ್ನ ಓದಬ್ಯಾಡ್ರಿ," ಎಂದ ಅವನು. "ಡಾಕ್ಟರ್ ಏನ್ ಹೇಳ್ಯಾರ ಗೊತ್ತೈತಿಲ್ಲ? ಅವ್ವನ ಎದಿ ಮೊದಲ ಹಂಗೈತಿ. ಕೂಸು ಬದುಕತು ಅನ್ರಿ. ಆಕಿಗೇನ್ ಇಂಗ್ಲಿಷ್ ಬರತೈತಾ?"

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ನಾನು ಪ್ರಯತ್ನವನ್ನೂ ಮಾಡಿದೆ. ಹುಡುಗನನ್ನು ಹಡಗು ಹತ್ತಿಸಿ ಬೇರೆ ದೇಶಕ್ಕೆ ಕಳಿಸಿಬಿಡೋಣ, ಅಲ್ಲಿ ದೊಡ್ಡವನಾಗಲಿ ಎಂದುಕೊಂಡೆ. ಆದರೆ ಅವನು ಬದುಕಿದರೆ ಚಿಕ್ಕಪ್ಪ ಉಪ್ಪಿನ ಧಣಿ ಗದ್ದುಗೆ ಏರುವುದು ಹೇಗೆ? ರಾಣಿ ಕಪ್ಪು ಉಡುವುದು ಯಾಕೆ? ಮುಂದಿನ ಎರಡು ವಾಲ್ಯೂಮಿನ ಯುದ್ಧವೆಲ್ಲ ಯಾರಿಗಾಗಿ? ಸ್ವೆಟರಿನ ಒಂದು ಎಳೆ ಜಗ್ಗಿದಂತೆ ಇಡೀ ಕತೆ ನನ್ನ ತೊಡೆಯ ಮೇಲೆ ಬಿಚ್ಚಿ ಬಿತ್ತು. ಅದಕ್ಕಿಂತ ಹೆಚ್ಚಿಗೆ, ಅವನು ಬದುಕಿದ್ದಾನೆ ಎಂದು ದಿನವೂ ಅಕ್ಕನ ಮುಖ ನೋಡಿ ಹೇಳಬೇಕಿತ್ತು. ಕುದುರೆ ಹತ್ತಿದ, ಅಕ್ಷರ ಕಲಿತ, ಮೀಸೆ ಬಂತು ಎಂದು ದಿನಾಲೂ ಹೇಳಬೇಕಿತ್ತು. ಹೇಳದಿದ್ದರೆ ಅವಳ ಎದೆಗೆ ಏನಾಗುತ್ತದೋ ಎಂಬ ಭಯವಿತ್ತು. ಹೇಳುತ್ತಾ ಹೋಗುವುದಕ್ಕೆ ನಾಲಿಗೆ ಏಳಲಿಲ್ಲ.

ಮತ್ತೊಂದು ಮಧ್ಯಾಹ್ನ ತೊಟ್ಟು ಮುರಿಯುವವರು ಇನ್ನೂ ಬಂದಿರಲಿಲ್ಲ. ಅಕ್ಕ ನನ್ನನ್ನು ಮಂಚದ ಮೇಲೆ ಕೂರಿಸಿಕೊಂಡಳು.

"ಆ ಕೂಸು ಹೋಗತೈತಿ, ಹೌದಿಲ್ಲೋ?"

ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದೆ.

"ನನ್ನ ಮಗ ಬ್ಯಾಡ ಅಂದಿರಬೇಕು. ಅಂವಗೇನ್ ತಿಳೀತೈತಿ?" ಎಂದವಳು ತೊಟ್ಟಿಲು ಕಟ್ಟಿದ್ದ ತೊಲೆಯ ಕಡೆ ನೋಡಿದಳು. "ನಂದು ಹಾವೇರಿ ದವಾಖಾನ್ಯಾಗ ಹೆರಗಿ ಆತು. ಕೂಸಿಗೆ ಉಸರಿನ ತ್ರಾಸು ಅಂತ ಹುಬ್ಬಳ್ಳಿಗೆ ಒಯ್ದ್ರು. ಆರಾಮ ಆಗಾಕತ್ತೈತಿ, ಕಣ್ಣ ಬಿಡಾಕತ್ತೈತಿ ಅಂತ ದಿನಾ ಬಂದು ಹೇಳತಿದ್ರು. ನಾ ಹಾಲು ಹಿಂಡಿ ಬಟ್ಟಲದಾಗ ಕೊಡತಿದ್ದೆ. ಒಯ್ಯತಿದ್ರು. ಒಯ್ದ ದಿನಾನ ಅದು ಸತ್ತಿತ್ತಂತ, ತಂಗೀ. ನನ್ನ ಎದಿ ತಾಳೂದಿಲ್ಲ ಅಂತ ಹೇಳಿರಲಿಲ್ಲಂತ. ಆ ಹಾಲು ಎಲ್ಲಿ ಚೆಲ್ಲತಿದ್ರೋ."

ಅವಳು ಅಳಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದಿದ್ದೇವೆ ನಾವು. ಆ ಬಟ್ಟಲಿನ ಮಾತು ನನಗೆ ಗೊತ್ತಿರಲಿಲ್ಲ.

"ನೀನೂ ಹಂಗ ಮಾಡಬ್ಯಾಡ. ಎಲ್ಲಾರೂ ಬರಲಿ. ಇದ್ದದ್ದ ಇದ್ದಾಂಗ ಓದು."

ಎಲ್ಲರೂ ಬಂದರು. ಮಗನಿಗೂ ಅವಳೇ ಹೇಳಿ ಕಳಿಸಿದ್ದಳು. ಅವನು ಅಂಗಡಿಯಿಂದ ಬಂದು, ಮಾತ್ರೆಯ ಡಬ್ಬಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ನಾನು ಓದಿದೆ. ನನ್ನ ಕನ್ನಡ ಯಾವತ್ತೂ ಅಷ್ಟು ನಿಧಾನವಾಗಿ ಬಂದದ್ದಿಲ್ಲ. ಜ್ವರ ಏರಿದ್ದು, ಕೋಟೆಯ ವೈದ್ಯ ಕಿಟಕಿ ಮುಚ್ಚಿಸಿದ್ದು, ಹುಡುಗ ನೀರು ಕೇಳಿದ್ದು, ಕುಡಿಯದೇ ಮಲಗಿದ್ದು. ಮೆಣಸಿನಕಾಯಿ ರಾಶಿಯ ಸುತ್ತ ಕೈಗಳು ಒಂದೊಂದಾಗಿ ನಿಂತವು. ಎದುರು ಮನೆಯ ಸೊಸೆ ಸೆರಗನ್ನು ಮೂಗಿನಿಂದ ಕಣ್ಣಿಗೆ ಏರಿಸಿಕೊಂಡಳು. "ಹಾಳಾಗಿ ಹೋಗ್ಲಿ ಆ ಉಪ್ಪಿನ ಧಣಿ," ಎಂದಳು. ಯಾರೂ ನಗಲಿಲ್ಲ.

"ತಾಯಿ ಹತ್ರ ಇದ್ದಳೇನ?" ಎಂದಳು ಅಕ್ಕ.

ಇದ್ದಳು ಎನ್ನುವುದು ಎಷ್ಟು ಸುಲಭವಿತ್ತು!

"ಇಲ್ಲ ಅಕ್ಕಾ. ದೂರ ಇದ್ದಳು."

"ಆಕಿಗೆ ಯಾರು ಹೇಳಿದ್ರು?"

ನಾನು ಪುಟ ತಿರುವಿದೆ. "ಕೋಟೀ ಆಳೊಬ್ಬ. ಕುದುರಿ ಹತ್ತಿ ಬಂದ."

"ಯಾವಾಗ ಹೇಳಿದ?"

ಆ ಸಾಲನ್ನು ಮೊದಲ ಸಲ ಓದುವಾಗ ನಾನು ಗಮನಿಸಿಯೇ ಇರಲಿಲ್ಲ. ಬೆರಳಿಟ್ಟು ಹುಡುಕಿದೆ. "ಬಂದ ಕೂಡಲೇ. ಕುದುರಿ ಇಳದವನ, ಕಾಲಾಗಿನ ಕೆಸರನೂ ಒರಸದ, ಸೀದಾ ಆಕಿ ಮುಂದ ಹೋಗಿ ಹೇಳಿದ."

ಅಕ್ಕ ಕಣ್ಣು ಮುಚ್ಚಿದಳು. ಮಗ ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟ. ಅವಳ ಎದೆ ಏರಿಳಿಯುವುದನ್ನು ನಾವೆಲ್ಲ ನೋಡುತ್ತಾ ಕುಳಿತೆವು. ಅದು ಏರಿತು, ಇಳಿಯಿತು, ಮತ್ತೆ ಏರಿತು.

"ಛಲೋ ಮಾಡಿದ," ಎಂದಳು, ಕಣ್ಣು ತೆರೆಯದೆ. "ಆಕಿ ಏನಂದಳು? ಓದು."