ಜಾಯ್ಸ್ ಕಾರ್ಡಿನಲ್ಲಿ ಆರ್ಲೆನ್ ಕಂಡದ್ದು

ನಮ್ಮ ಲೈಬ್ರರಿಯ ಮಾರ್ಲಿಸ್ ಟ್ವೈಟ್ ಬಾಯಿ ಬಿಡುವ ಹೆಂಗಸಲ್ಲ. ಮಿನೆಸೋಟದ ಈ ಪುಟ್ಟ ಊರಿನಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಯಾರು ಏನು ಓದುತ್ತಾರೆ ಎಂಬುದು ಮಾತ್ರ ಗೊತ್ತಿಲ್ಲ. ಪಾದ್ರಿಯೇ ಬಂದು ಕೇಳಿದರೂ "ಅವರನ್ನೇ ಕೇಳಿ" ಎಂದು ಸಾಗಹಾಕುತ್ತಿದ್ದಳು. ಗಂಡ ಬಂದರೆ ಹೆಂಡತಿ ಕಾದಿರಿಸಿದ ಪುಸ್ತಕವನ್ನೂ ಕೊಟ್ಟು ಕಳಿಸುವುದು ಇಲ್ಲಿನ ವಾಡಿಕೆ. ಅದನ್ನೂ ಕಾಗದದ ಚೀಲಕ್ಕೆ ಹಾಕಿ ಮಡಚಿಯೇ ಕೊಡುವಳು. ಅವಳ ಜೊತೆಗೇ ಕೆಲಸ ಮಾಡುವ ನಾನು ಪಕ್ಕದ ಮೇಜಿನ ಹಿಂದೆ ಕೂತು ನಗುತ್ತಿದ್ದೆ.

ಜನವರಿಯಲ್ಲಿ ಅವಳ ಶಾಲೆಯ ಜೊತೆಗಾರ ಆರ್ಲೆನ್ ಬಂದ. ಕಂಕುಳಲ್ಲಿ ಹೊಸ ಟ್ಯಾಬ್ಲೆಟ್.

"ಹೆಪ್ಪುಗಟ್ಟಿದ ಕೆರೆ ಮೇಲೆ ಮೀನಿಗೆ ಕಾಯ್ತಾ ಕೂತ್ರೆ ಹೊತ್ತೇ ಹೋಗಲ್ಲ ಮಾರಾಯ್ತಿ. ಇದ್ರೊಳಗೆ ಒಂದು ಪುಸ್ತಕ ಹಾಕ್ಕೊಡು."

"ನಿನ್ನ ಕೈಗೆ ಮೀನು ಸಿಕ್ಕಿದ್ರೆ ತಾನೇ! ಕಾರ್ಡ್ ಕೊಡು."

"ಎಲ್ಲೋ ಇಟ್ಟೆ. ಎಲ್ಲಿ ಅಂತ..." ಜೇಬುಗಳನ್ನೆಲ್ಲ ತಡಕಾಡಿದ. "ಬಿಡು, ನಿನಗ್ಯಾಕೆ ತೊಂದರೆ."

ತೊಂದರೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮೂರವರು ಕರಗಿಬಿಡುತ್ತಾರೆ. "ನಿನ್ನ ಹೆಂಡತಿ ಕಾರ್ಡಲ್ಲೇ ಹಾಕ್ತೀನಿ. ಒಂದೇ ಮನೆ ತಾನೆ?" ಎಂದು ಜಾಯ್ಸ್‌ಳ ಕಾರ್ಡಿನ ಖಾತೆ ತೆರೆದುಕೊಟ್ಟಳು. ಪರದೆಗೆ ಕಾಗದದ ಚೀಲ ಎಲ್ಲಿಂದ ಬರಬೇಕು? ಜಾಯ್ಸ್ ಆಗಲೇ ಎರವಲು ಪಡೆದಿದ್ದ ಇ-ಪುಸ್ತಕ ದೊಡ್ಡದಾಗಿ ಮೂಡಿತು. ಮರೆವಿನ ರೋಗ ಬಂದ ಗಂಡನನ್ನು ನೋಡಿಕೊಳ್ಳುವುದು ಹೇಗೆ ಎಂಬ ಪುಸ್ತಕ.

ಆರ್ಲೆನ್ ತುಂಬ ಹೊತ್ತು ನೋಡಿದ. "ಇದು ಯಾರ ಬಗ್ಗೆ, ಮಾರ್ಲಿಸ್?"

ಅವಳು ಪರದೆ ಮರೆಮಾಡಲು ಕೈ ಚಾಚಿದಳು. ಅವನು ಟ್ಯಾಬ್ಲೆಟ್ ಮುಚ್ಚಿಕೊಂಡು ಹೊರಟುಹೋದ.

ಆಮೇಲೆ ಅವಳ ಗೋಳು ನೋಡಲಾಗುತ್ತಿರಲಿಲ್ಲ. "ಪಾದ್ರಿಗೂ ಹೇಳದವಳು ಜಾಯ್ಸ್ ಗುಟ್ಟನ್ನ ಅವಳ ಗಂಡನ ಕೈಗೇ ಕೊಟ್ಟೆನಲ್ಲೇ!"

"ಬೇಕಂತ ಮಾಡಿದ್ಯಾ?" ಎಂದು ರೇಗಿದೆ. ಏನು ಹೇಳಿದರೂ ಅವಳ ತಲೆಗೆ ಹೋಗುತ್ತಿರಲಿಲ್ಲ. ಊಟ ಬಿಟ್ಟಳು.

ಭಾನುವಾರ ಚರ್ಚ್ ಮುಗಿದು ಕಾಫಿ ಕುಡಿಯುವಾಗ ಜಾಯ್ಸ್ ಒಬ್ಬಳೇ ನಿಂತಿದ್ದಳು. ಮಾರ್ಲಿಸ್ ನನ್ನ ತೋಳು ಹಿಡಿದುಕೊಂಡೇ ಹೋದಳು.

"ತಪ್ಪಾಯ್ತು ಜಾಯ್ಸ್. ನಾನೇ ತೋರಿಸಿಬಿಟ್ಟೆ."

"ಡಾಕ್ಟರ ಹತ್ರ ಹೋಗೋ ಮೊದಲು ಅವನ ಕೈ ಹಿಡ್ಕೊಂಡು ನಾನೇ ಹೇಳೋಣ ಅಂತಿದ್ದೆ," ಎಂದಳು ಜಾಯ್ಸ್. "ಹೆಂಗೆ ಹೇಳೋದು ಅಂತ ತಿಳ್ಕೊಳ್ಳೋಕೇ ಆ ಪುಸ್ತಕ ತಗೊಂಡಿದ್ದು."

ಬೈಯಲಿಲ್ಲ. ಬೈದಿದ್ದರೆ ಮಾರ್ಲಿಸ್‌ಗೆ ಒಂದಿಷ್ಟು ಉಸಿರಾಡಲು ಆಗುತ್ತಿತ್ತೇನೋ. ನಾನು ಸುಮ್ಮನಿರಬಾರದೇ? "ಹೋಗ್ಲಿ ಬಿಡು, ಮರ್ತಿರ್ತಾನೆ" ಎಂದುಬಿಟ್ಟೆ.

ಜಾಯ್ಸ್ ನನ್ನ ಮುಖ ನೋಡಲಿಲ್ಲ, ಮಾರ್ಲಿಸ್‌ಳನ್ನೇ ನೋಡುತ್ತ ಹೇಳಿದಳು: "ತಿಂಡಿ ತಿಂದಿದ್ದು ಮರೀತಾನೆ. ಮೊಮ್ಮಗಳ ಹೆಸರು ಮರೀತಾನೆ. ಇದೊಂದು ಮರೀತಿಲ್ಲ ಕಣೆ. ಎದ್ದ ತಕ್ಷಣ ಕೇಳ್ತಾನೆ, ಆ ಪುಸ್ತಕ ಎಷ್ಟು ಓದಿದೆ ಅಂತ."