ರಿಪೇರಿಯಲ್ಲಿದ್ದ ವೀಲ್‌ಚೇರ್

ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ದೊಡ್ಡಕ್ಕನನ್ನು ದಿನಾ ಎಬ್ಬಿಸುವುದು ಬಟ್ಟೆ ಒಗೆಯುವ ದೊಡ್ಡ ಯಂತ್ರದ ಗುಡುಗುಡು. ಮೇಲಿನ ಮಹಡಿಯ ವಾರ್ಡಿನಲ್ಲಿ ಅವಳು ಆಯಾ. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ; ಎಲ್ಲರಿಗೂ ದೊಡ್ಡಕ್ಕನೇ.

ಯಾವ ವೀಲ್‌ಚೇರ್ ಎಲ್ಲಿದೆಯೆಂದು ಕಂಪ್ಯೂಟರ್ ತೋರಿಸತೊಡಗಿದ ಮೇಲೆ, ಅವಳ ವಾರ್ಡಿನ ಕುರ್ಚಿಗಳು ಬೇರೆ ವಾರ್ಡುಗಳ ಪಾಲಾದವು. ತನ್ನ ರೋಗಿಗಳಿಗೆ ಒಂದಾದರೂ ಇರಲೆಂದು ಅವಳು ಕಂಪ್ಯೂಟರಿನಲ್ಲಿ ಒಂದಕ್ಕೆ ‘ರಿಪೇರಿ’ ಎಂದು ಹಾಕಿ, ಬಟ್ಟೆಕೋಣೆಯಲ್ಲಿ ಹೊದಿಕೆ ಮುಚ್ಚಿಟ್ಟಳು.

ಇವತ್ತು ಕೆಳಗಿನ ವಾರ್ಡಿನ ಹುಡುಗಿ ಫೋನ್ ಮಾಡಿದಳು. “ದೊಡ್ಡಕ್ಕಾ, ಒಬ್ರು ಅಜ್ಜನ್ನ ಎಕ್ಸ್‌ರೇಗೆ ನಿಮ್ಮ ಮಹಡಿಗೆ ಕರ್ಕೊಂಡು ಬರ್ಬೇಕು. ನಿಮ್ಮಲ್ಲಿ ವೀಲ್‌ಚೇರ್ ಇದ್ಯಾ?”

“ಕಂಪ್ಯೂಟರ್ ನೋಡೇ. ಇದ್ರೆ ತೋರ್ಸಲ್ವಾ?”

ಸ್ವಲ್ಪ ಹೊತ್ತಿಗೆ ಲಿಫ್ಟಿನಿಂದ ಅಜ್ಜ ಮಗನ ಬೆನ್ನೇರಿ ಬಂದರು. ಪ್ಲಾಸ್ಟರಿನ ಕಾಲು ಗೋಡೆಗೆ ತಾಗದಂತೆ ಆ ಹುಡುಗಿ ಹಿಡಿದಿದ್ದಳು.

“ಆನೆ ಸವಾರಿ ಕಣಮ್ಮಾ,” ಅಜ್ಜ ಹಲ್ಲು ಕಚ್ಚಿಕೊಂಡೇ ನಕ್ಕರು. “ಆನೆಗೆ ಬೆವರು ಸ್ವಲ್ಪ ಜಾಸ್ತಿ.”

ದೊಡ್ಡಕ್ಕ ಎಕ್ಸ್‌ರೇ ಕೋಣೆಯ ಬಾಗಿಲು ತೆರೆದು ಹಿಡಿದಳು. “ಪುಣ್ಯ ಬರ್ಲಿ ತಾಯಿ,” ಎಂದು ಮಗ ಒಳಗೆ ಹೋದ.

ಆ ಮಾತಿಗೆ ಅವಳ ಮುಖವೆಲ್ಲ ಬಿಸಿಯಾಯಿತು. ಬಟ್ಟೆಕೋಣೆಗೆ ಹೋಗಿ, ಹೊದಿಕೆ ಎಳೆದು, ಕುರ್ಚಿ ತಳ್ಳಿಕೊಂಡು ಬಂದಳು.

“ಅಯ್ಯೋ, ಇಷ್ಟು ಬೇಗ ರಿಪೇರಿ ಆಗೋಯ್ತಾ?” ಬಾಗಿಲ ಹೊರಗೆ ನಿಂತಿದ್ದ ಹುಡುಗಿಗೆ ಖುಷಿ.

“ಕೆಟ್ಟೇ ಇರ್ಲಿಲ್ಲ ಕಣೇ.” ದೊಡ್ಡಕ್ಕ ತಲೆಯೆತ್ತದೆ ಕುರ್ಚಿಯನ್ನು ಅವಳ ಕೈಗಿತ್ತು, ತನ್ನ ವಾರ್ಡಿನತ್ತ ನಡೆಯುತ್ತಲೇ ಹೇಳಿದಳು. “ವಾಪಸ್ ಹೋಗೋವಾಗ ಇದ್ರಲ್ಲೇ ಕೂರ್ಸು. ಆ ರಿಪೇರಿ ಅಂತ ಹಾಕಿದ್ದು ನಾನೇ, ನಮ್ಮ ವಾರ್ಡಿನೋರಿಗೆ ಒಂದಾದ್ರೂ ಇರ್ಲಿ ಅಂತ.”